ಬಣ್ಣಕ್ಕೆ ಮೊದಲು ಮುಖ: ಮೊಮ್ಮಗಳ ಹುಲಿವೇಷದ ಭಯ ಇಳಿದ ಬಗೆ

ಉಡುಪಿಯಲ್ಲಿ ಮನೆ ಮಾಡಿಕೊಂಡವರು ಅಷ್ಟಮಿಯ ಹುಲಿಯಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ. ಕೃಷ್ಣಾಷ್ಟಮಿಯ ದಿನ ಮತ್ತು ಅದರ ಮರುದಿನ ಕೃಷ್ಣನ ರಥೋತ್ಸವವಾದ ವಿಟ್ಲಪಿಂಡಿಯಂದು ಹುಲಿವೇಷದ ತಂಡಗಳು ರಥಬೀದಿಯಲ್ಲಿ ಮಾತ್ರ ಕುಣಿಯುವುದಲ್ಲ. ತಾಸೆ, ಡೋಲುಗಳೊಂದಿಗೆ ಅಂಗಡಿಯಿಂದ ಅಂಗಡಿಗೆ, ಓಣಿಯಿಂದ ಓಣಿಗೆ, ಕೊನೆಗೆ ನಮ್ಮ ನಮ್ಮ ಮನೆಯ ಅಂಗಳಕ್ಕೂ ಬರುತ್ತವೆ. ಅದು ಮುಗಿದು ಸ್ವಲ್ಪ ಸಮಯಕ್ಕೆ ನವರಾತ್ರಿ ಬರುತ್ತದೆ, ಆಗ ಮಾರ್ನೆಮಿಯ ವೇಷಗಳು ಹೊರಡುತ್ತವೆ, ಅವುಗಳಲ್ಲಿ ಹುಲಿಯ ಜೊತೆಗೆ ಕರಡಿಯೂ ಸಿಂಹವೂ ಇರುತ್ತವೆ. ಹೀಗಾಗಿ ನನ್ನ ಮೊಮ್ಮಗಳು ಮೂರು ತುಂಬುವ ಮೊದಲೇ ಹುಲಿವೇಷವನ್ನು ಕಂಡು ಬೆಚ್ಚಿಬಿದ್ದು, ಆ ಭಯ ಹಬ್ಬ ಮುಗಿದ ಮೇಲೂ ಅವಳನ್ನು ಬಿಡದೆ ಉಳಿದಾಗ, ದೊಡ್ಡವಳಾದ ಮೇಲೆ ತಾನಾಗಿ ಸರಿಹೋಗುತ್ತದೆ ಎಂದು ಸುಮ್ಮನಿರುವ ಅನುಕೂಲ ನಮಗಿರಲಿಲ್ಲ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಹಗಲಿನಲ್ಲಿ ಮಗು ನನ್ನ ಜೊತೆಯಲ್ಲಿರುತ್ತದೆ. ಈ ಕೆಲಸವೂ ಹೆಚ್ಚಾಗಿ ನನ್ನ ಪಾಲಿಗೇ ಬಂದಿತು. ಮುಂದಿನ ಅಷ್ಟಮಿಯವರೆಗೆ ನಾವು ಏನು ಮಾಡಿದೆವು, ಯಾಕೆ ಹಾಗೆ ಮಾಡಿದೆವು ಎಂಬುದನ್ನು ಇಂಥ ಮಕ್ಕಳಿರುವ ಇತರರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಭಯ ಹುಲಿ ಎದುರಿಗೆ ಬಂದಾಗಿನ ಅಳುವಿಗೆ ಸೀಮಿತವಾಗಿದ್ದರೆ ಅದು ದೊಡ್ಡ ವಿಷಯವಲ್ಲ. ಅಂಗಳದಲ್ಲಿ ತಂಡ ಕುಣಿದು ಹೋದ ಆ ದಿನ ಅವಳು ನನ್ನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದು ಉಸಿರು ಕಟ್ಟುವಷ್ಟು ಅತ್ತಳು. ಆಮೇಲೆ ದೂರದಲ್ಲಿ ಎಲ್ಲೋ ಮದುವೆಯ ವಾದ್ಯ ಕೇಳಿದರೂ ಮಂಚದ ಮೂಲೆಗೆ ಹೋಗಿ ಕೂರತೊಡಗಿದಳು. ಗೇಟಿನ ಹೊರಗೆ ಕಾಲಿಡುವ ಮೊದಲು "ಅಜ್ಜ, ಪಿಲಿ ಉಂಟಾ?" ಎಂದು ಕೇಳುತ್ತಿದ್ದಳು (ಪಿಲಿ ಎಂದರೆ ತುಳುವಿನಲ್ಲಿ ಹುಲಿ), ಇಲ್ಲ ಎಂದರೂ ಒಮ್ಮೆ ಬೀದಿಯ ಎರಡೂ ತುದಿಗಳನ್ನು ನೋಡಿಯೇ ಹೊರಡುವಳು. ಗೋಡೆಗೆ ಅಂಟಿಸಿದ್ದ ಹಬ್ಬದ ಬ್ಯಾನರಿನಲ್ಲಿ ಹುಲಿಯ ಚಿತ್ರವಿದ್ದ ಕಾರಣಕ್ಕೆ ಹಾಲಿನ ಅಂಗಡಿಗೆ ಬೇರೆ ದಾರಿಯಲ್ಲಿ ಹೋಗಬೇಕಾಗುತ್ತಿತ್ತು.

ಬಂಧುಬಳಗದಲ್ಲಿ ಇದಕ್ಕೆ ಎರಡು ಬಗೆಯ ಪರಿಹಾರಗಳು ಬಂದವು. ಮಗುವನ್ನು ಒಮ್ಮೆ ಹುಲಿಯ ಕೈಗೇ ಕೊಟ್ಟುಬಿಡಿ, ಅತ್ತರೆ ಅಳಲಿ, ಭಯ ಅಲ್ಲಿಗೆ ಮುಗಿಯುತ್ತದೆ ಎಂಬುದು ಮೊದಲನೆಯದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನು ಮಾಡುತ್ತಾರೆ, ಫೋಟೋವನ್ನೂ ತೆಗೆಯುತ್ತಾರೆ. ಹೆದರದ ಮಗುವಿಗೆ ಅದು ಸಂಭ್ರಮವೇ; ಹೆದರಿದ ಮಗುವಿಗೆ ಮಾತ್ರ ತನ್ನನ್ನು ಕಾಯಬೇಕಾದವರೇ ತನ್ನನ್ನು ಎತ್ತಿಕೊಟ್ಟರು ಎಂಬುದಷ್ಟೇ ಉಳಿಯುತ್ತದೆ ಎಂದು ನಾನು ನಂಬುತ್ತೇನೆ, ಆದ್ದರಿಂದ ಅದನ್ನು ಖಡಾಖಂಡಿತವಾಗಿ ಬೇಡವೆಂದೆ. ಎರಡನೆಯದು ಪರಿಹಾರವೆನ್ನುವುದಕ್ಕಿಂತ ಭಯದ ಲಾಭ ಪಡೆಯುವ ಅಭ್ಯಾಸ: "ಊಟ ಮಾಡದಿದ್ರೆ ಪಿಲಿಯನ್ನು ಕರೀತೇನೆ ನೋಡು" ಎನ್ನುವುದು. ಪ್ರೀತಿಯಿಂದಲೇ ಆಡುವ ಮಾತಾದರೂ ಅದು ಮಗುವಿಗೆ ಹೇಳುವುದು ಎರಡು ಸಂಗತಿಗಳನ್ನು: ಹುಲಿ ನಿಜವಾಗಿಯೂ ಬರುತ್ತದೆ ಮತ್ತು ಅದು ಮನೆಯವರ ಮಾತು ಕೇಳಿ ತನ್ನ ಮೇಲೆ ಬರುತ್ತದೆ. ಮನೆಗೆ ಬಂದುಹೋಗುವ ಎಲ್ಲರಿಗೂ, ಹಿರಿಯರು ಕಿರಿಯರು ಎನ್ನದೆ, ಈ ಮಾತನ್ನು ನಮ್ಮ ಮನೆಯಲ್ಲಿ ಆಡಬಾರದೆಂದು ಕೇಳಿಕೊಂಡೆವು. ಒಬ್ಬಿಬ್ಬರಿಗೆ ಬೇಸರವಾಯಿತು, ಆದರೂ ಆ ಮಾತು ನಿಂತಿತು.

ಲಸಿಕೆಗೆಂದು ಹೋದಾಗ ಮಕ್ಕಳ ವೈದ್ಯರಲ್ಲಿ ವಿಷಯವನ್ನು ತಿಳಿಸಿದೆವು. ಎರಡರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಮುಖವಾಡ, ಬಣ್ಣ, ವೇಷಗಳ ಭಯ ತೀರಾ ಸಾಮಾನ್ಯವೆಂದೂ, ನಿದ್ದೆ, ಊಟ, ಹೊರಗಿನ ಓಡಾಟಗಳಿಗೆ ತೀವ್ರವಾಗಿ ಅಡ್ಡಿಯಾಗುತ್ತ ಆರು ತಿಂಗಳಿಗೂ ಮೀರಿ ಹಾಗೆಯೇ ಉಳಿದರೆ ಮಾತ್ರ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಬೇಕೆಂದೂ ಅವರು ಹೇಳಿದರು. ಅವರ ಮಾತಿನಲ್ಲಿ ಬಂದ ಎರಡು ಹಳೆಯ ಪ್ರಯೋಗಗಳನ್ನು ನಾನು ಆಮೇಲೆ ಓದಿಕೊಂಡೆ. ನಮ್ಮ ದಾರಿ ರೂಪುಗೊಂಡದ್ದು ಅವುಗಳಿಂದ.

ಒಂದು, 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಪ್ರಕಟಿಸಿದ್ದು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ, ಇನ್ನೂ ಮೂರು ತುಂಬದ ಹುಡುಗ ತನಗಿಷ್ಟವಾದ ತಿಂಡಿ ತಿನ್ನುತ್ತಿರುವಾಗ ಗೂಡಿನಲ್ಲಿದ್ದ ಮೊಲವನ್ನು ದೂರದಲ್ಲಿ ಇಟ್ಟು, ಅವನಿಗೆ ತಡೆದುಕೊಳ್ಳಲು ಆಗುವಷ್ಟೇ ಹತ್ತಿರ ತರುತ್ತ ಹೋದರು. ಮೊಲಕ್ಕೆ ಹೆದರದ ಇತರ ಮಕ್ಕಳನ್ನೂ ಜೊತೆಯಲ್ಲಿ ಆಡಲು ಬಿಟ್ಟರು. ಕೊನೆಗೆ ಅವನು ಮೊಲವನ್ನು ಮುಟ್ಟಿ ಆಡಿದನು. ಇನ್ನೊಂದು 1969ರದ್ದು, ರೀಟಾ ಡಿವ್ರೀಸ್ ಎಂಬವರದು. ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ಮಕ್ಕಳಿಗೆ ತೋರಿಸಿ, ಬಾಲದ ಕಡೆಯ ಅರ್ಧ ಮಕ್ಕಳಿಗೆ ಕಾಣುತ್ತಿರುವಂತೆಯೇ ಮರೆಯಲ್ಲಿ ಅದರ ತಲೆಗೆ ನಾಯಿಯ ಮುಖವಾಡ ತೊಡಿಸಿ, ಈಗ ಇದು ಯಾವ ಪ್ರಾಣಿ ಎಂದು ಕೇಳಿದರು. ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ನಾಯಿಯೇ ಆಗಿಬಿಟ್ಟಿತ್ತು. ಆರರ ಹೊತ್ತಿಗೆ ಮಕ್ಕಳು ಮುಖವಾಡದ ಒಳಗಿರುವುದು ಬೆಕ್ಕೇ ಎಂದು ಧೈರ್ಯವಾಗಿ ಹೇಳುತ್ತಿದ್ದರು. ಇದನ್ನು ಓದಿದ ಮೇಲೆ ನನಗೆ ಮೊಮ್ಮಗಳ ಭಯ ಹಟವೆಂದಾಗಲಿ ಪುಕ್ಕಲುತನವೆಂದಾಗಲಿ ಒಮ್ಮೆಯೂ ಅನ್ನಿಸಲಿಲ್ಲ. ಅವಳ ಕಣ್ಣಿಗೆ ಅಂಗಳದಲ್ಲಿ ನಿಂತಿದ್ದು ನಿಜವಾದ ಹುಲಿ. ಹುಲಿಯನ್ನು ಕಂಡು ಹೆದರುವುದು ಬುದ್ಧಿಯ ಲಕ್ಷಣವೇ ಸರಿ.

ನಮ್ಮ ಹುಲಿವೇಷದಲ್ಲಿ ಇನ್ನೊಂದು ತೊಡಕಿದೆ. ಮಾಲ್‌ಗಳಲ್ಲಿ ಕರಡಿಯ ದಿರಿಸು ತೊಟ್ಟು ನಿಲ್ಲುವವರು ಬೇಕಾದರೆ ಮುಖವಾಡ ಕಳಚಿ ತಮ್ಮ ಮುಖ ತೋರಿಸಬಲ್ಲರು. ಹುಲಿವೇಷದಲ್ಲಿ ತಲೆಗೆ ತೊಡುವ ಹುಲಿತಲೆಯನ್ನು, ಅಂದರೆ ಮಂಡೆಯನ್ನು, ತೆಗೆದರೂ ಹುಲಿ ಹೋಗುವುದಿಲ್ಲ, ಏಕೆಂದರೆ ಹುಲಿ ಇರುವುದು ಚರ್ಮದ ಮೇಲೆ. ಮುಖ, ಎದೆ, ಬೆನ್ನು, ತೊಡೆ ಎಲ್ಲ ಕಡೆಗೂ ಬಣ್ಣ ಬಳಿದು, ಪಟ್ಟೆ ಬರೆದು, ಒಮ್ಮೆ ವೇಷ ಹಾಕಿದವನು ಹಬ್ಬ ಮುಗಿಯುವವರೆಗೆ ಅದರಲ್ಲೇ ಇರುತ್ತಾನೆ. ಇಂಥ ವೇಷದ ಎದುರು ನಿಂತು "ಅದರೊಳಗೆ ಅಣ್ಣ ಇದ್ದಾನೆ ಮಗಾ" ಎಂದರೆ ಮಗುವಿಗೆ ಏನು ಅರ್ಥವಾದೀತು? ಹುಲಿಯ ಹೊಟ್ಟೆಯೊಳಗೆ ಮನುಷ್ಯನಿದ್ದಾನೆ ಎಂದಾದೀತು! ಹಾಗಾಗಿ ವೇಷವನ್ನು ಕಳಚಿ ತೋರಿಸುವ ಬದಲು ಕಟ್ಟುವುದನ್ನೇ ತೋರಿಸಬೇಕು, ಬಣ್ಣಕ್ಕೆ ಮೊದಲು ಮುಖವನ್ನು ಪರಿಚಯಿಸಬೇಕು ಎಂದು ನಾವು ತೀರ್ಮಾನಿಸಿದೆವು.

ಆದರೆ ಮೊದಲು ಸದ್ದು. ಹುಲಿ ಕಾಣುವ ಎಷ್ಟೋ ಮೊದಲೇ ತಾಸೆ ಕೇಳಿಸುತ್ತದೆ, ಅವಳ ಭಯ ಶುರುವಾಗುವುದೂ ಅಲ್ಲಿಂದಲೇ. ಬಿಸ್ಕತ್ತಿನ ಖಾಲಿ ತಗಡಿನ ಡಬ್ಬವನ್ನು ಬೋರಲಾಗಿಟ್ಟು, ತೆಂಗಿನ ಗರಿಯ ಎರಡು ಕಡ್ಡಿಗಳನ್ನು ಅವಳ ಕೈಗೆ ಕೊಟ್ಟೆ. ತಾಸೆಯನ್ನೂ ತೆಳ್ಳಗಿನ ಎರಡು ಕಡ್ಡಿಗಳಿಂದಲೇ ಬಾರಿಸುವುದರಿಂದ ಡಬ್ಬದ ಚುರುಕಾದ ಸದ್ದು ಅದಕ್ಕೆ ಹತ್ತಿರವಾಗಿಯೇ ಇರುತ್ತದೆ. ಅವಳು ಬಾರಿಸಿದರೆ ನಾನು ಕುಣಿಯಬೇಕು, ಅವಳು ನಿಲ್ಲಿಸಿದರೆ ನಾನು ನಿಲ್ಲಬೇಕು. ಇದು ಆಟದ ನಿಯಮ. ಸದ್ದು ತನ್ನ ಕೈಯಲ್ಲೇ ಹುಟ್ಟಿ ತನ್ನ ಕೈಯಲ್ಲೇ ನಿಲ್ಲುತ್ತದೆ ಎಂಬುದು ಅವಳಿಗೆ ಬಹಳ ಹಿಡಿಸಿತು. ಕೆಲವು ವಾರಗಳ ನಂತರ ಫೋನಿನಲ್ಲಿ ನಿಜವಾದ ತಾಸೆಯ ಧ್ವನಿಯನ್ನು ಚಿತ್ರವಿಲ್ಲದೆ ತೀರಾ ಸಣ್ಣಗೆ ಹಾಕಿ, ಹೆಚ್ಚು ಮಾಡುವ ಗುಂಡಿಯನ್ನು ಅವಳಿಗೇ ಬಿಟ್ಟೆ. ಮೊದಮೊದಲು ಅವಳು ಅದನ್ನು ಪೂರ್ತಿ ಇಳಿಸಿಬಿಡುತ್ತಿದ್ದಳು. ಆ ವರ್ಷದ ನವರಾತ್ರಿಯನ್ನು ನಾವು ಮನೆಯೊಳಗೇ ಕಳೆದೆವು, ಅವಸರ ಮಾಡಲಿಲ್ಲ.

ನವೆಂಬರ್ ಹೊತ್ತಿಗೆ ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ವೇಷ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಲು ಕಲಾವಿದರು ಬಣ್ಣ ಹಚ್ಚಿಕೊಂಡು ವೇಷ ಕಟ್ಟುವ ಚೌಕಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ನಮ್ಮ ಸಮೀಪದ ಗದ್ದೆಯಲ್ಲಿ ಹರಕೆಯ ಆಟವೊಂದಿದ್ದಾಗ ಮೇಳದವರ ಅನುಮತಿ ಕೇಳಿ, ಇನ್ನೂ ಯಾರೂ ಬಣ್ಣಕ್ಕೆ ಕುಳಿತಿರದ ಹೊತ್ತಿನಲ್ಲಿ ಅವಳನ್ನು ಕರೆದೊಯ್ದೆ. ಚೌಕಿಯಲ್ಲಿ ದೇವರನ್ನು ಇಟ್ಟಿರುತ್ತಾರೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಮಾತು ಕಡಿಮೆ ಮಾಡಬೇಕು. ಈ ಶಿಸ್ತು ಮಗುವಿನ ಮನಸ್ಸಿಗೂ ನೆಮ್ಮದಿ ಕೊಡುತ್ತದೆ. ಕಲಾವಿದರು ಸಾಲಾಗಿ ತಂತಮ್ಮ ಪೆಟ್ಟಿಗೆ, ಕನ್ನಡಿಗಳ ಮುಂದೆ ಕುಳಿತಿದ್ದರು. ಬಣ್ಣದ ವೇಷದ ಕಲಾವಿದರೊಬ್ಬರು ಚಹಾ ಕುಡಿದು ಲೋಟ ಕೆಳಗಿಟ್ಟು, ಅಂಗೈಯಲ್ಲಿ ಬಣ್ಣಕ್ಕೆ ತೆಂಗಿನೆಣ್ಣೆ ಕಲಸಿ, ಮುಖಕ್ಕೆ ಬಳಿದುಕೊಳ್ಳತೊಡಗಿದರು. ಆಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಒಂದೊಂದೇ ಚುಕ್ಕೆಯಾಗಿ ಇಟ್ಟರು; ಒಂದು ಒಣಗಿದ ಮೇಲೆ ಅದರ ಮೇಲೆ ಮತ್ತೊಂದು. ರಾಕ್ಷಸನ ಮುಖದ ಬಿಳಿಯ ಮುಳ್ಳುಗಳಾಗಿ ಕಾಣುವ ಚುಟ್ಟಿ ಹೀಗೆ ಗಂಟೆಗಟ್ಟಲೆ ಕುಳಿತು ಕಟ್ಟುವಂಥದ್ದು. ಮೊಮ್ಮಗಳು ನನ್ನ ತೊಡೆಯ ಮೇಲಿಂದ ಕದಲದೆ ನೋಡಿದಳು. ಅರ್ಧ ಮುಖಕ್ಕೆ ಚುಟ್ಟಿಯಾದಾಗ ಆ ಕಲಾವಿದರು ಕನ್ನಡಿಯಲ್ಲೇ ಅವಳನ್ನು ನೋಡಿ, "ಎಂತ ಪುಟ್ಟಿ, ಊಟ ಆಯ್ತಾ?" ಎಂದರು. ಅವಳು ನನ್ನ ಕಡೆ ತಿರುಗಿ, ಉತ್ತರವನ್ನು ನನ್ನ ಕಿವಿಯಲ್ಲಿ ಹೇಳಿದಳು. ಕಿರೀಟ ಕಟ್ಟುವ ಹೊತ್ತಿಗೆ "ಸಾಕು" ಎಂದಳು. ಆ ಕ್ಷಣವೇ ಎದ್ದು ಬಂದೆವು.

ಈ "ಸಾಕು" ಎಂಬುದು ನಮ್ಮ ನಡುವಿನ ಒಪ್ಪಂದವಾಗಿತ್ತು. ಎಲ್ಲಿಗೆ ಹೋಗುವಾಗಲೂ ಹೊರಡುವ ಮೊದಲೇ, ನೀನು ಸಾಕು ಎಂದ ಕೂಡಲೇ ಹಿಂದೆ ಬರೋಣ ಎಂದು ಹೇಳುತ್ತಿದ್ದೆ, ಮತ್ತು ಯಾವತ್ತೂ ಇನ್ನೊಂದು ನಿಮಿಷ ಇರು ಎನ್ನುತ್ತಿರಲಿಲ್ಲ. ದೊಡ್ಡವರಿಗೆ ಇದು ಕಷ್ಟ, ಏಕೆಂದರೆ ಬಂದದ್ದು ಅಷ್ಟು ದೂರದಿಂದ, ಆಟ ಇನ್ನೇನು ರಂಗೇರುವುದರಲ್ಲಿದೆ. ಆದರೆ ಮಗುವಿಗೆ ಹಿಂದಕ್ಕೆ ಬರುವ ದಾರಿ ತೆರೆದಿದೆ ಎಂಬುದು ಖಚಿತವಾಗದೆ ಅದು ಮುಂದಕ್ಕೆ ಹೆಜ್ಜೆಯಿಡುವುದಿಲ್ಲ. ಇಡೀ ಕ್ರಮದಲ್ಲಿ ನಾನು ಅತ್ಯಂತ ಮುಖ್ಯವೆಂದು ಎಣಿಸುವುದು ಇದನ್ನೇ. ಚಳಿಗಾಲದುದ್ದಕ್ಕೂ ಹೀಗೆ ಆಗೀಗ ಚೌಕಿಗೆ ಹೋಗಿ ಬರುತ್ತಿದ್ದೆವು. ಮನೆಯಲ್ಲಿ ಅವಳು ಅರಿಶಿನ ಕಲಸಿದ ನೀರಿನಿಂದ ನನ್ನ ಕೆನ್ನೆಗೆ ಚುಕ್ಕೆ ಇಡುವುದನ್ನು ಕಲಿತಳು, ಆಮೇಲೆ ಗೊಂಬೆಗೂ ಇಟ್ಟಳು. ತನ್ನ ಮುಖಕ್ಕೆ ಮಾತ್ರ ಬೇಡವೆಂದಳು, ನಾವೂ ಒತ್ತಾಯಿಸಲಿಲ್ಲ.

ಪಕ್ಕದ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬನಿದ್ದಾನೆ. ದಿನವೂ ಸಂಜೆ ಸೈಕಲ್ ನಿಲ್ಲಿಸಿ ಅವಳನ್ನು ಮಾತನಾಡಿಸಿ ಹೋಗುವವನು, ಅವಳ ಬಾಯಲ್ಲಿ ಬರೀ "ಅಣ್ಣ". ಆ ವರ್ಷ ಅವನು ಹರಕೆಯೆಂದು ಹುಲಿವೇಷ ಹಾಕುವವನಿದ್ದನು. ನಾನು ವಿಷಯ ಹೇಳಿದಾಗ ಅವನು ತೋರಿಸಿದ ತಾಳ್ಮೆಯನ್ನು ನಾವು ಮರೆಯುವಂತಿಲ್ಲ. ಅಷ್ಟಮಿಗೆ ಮೊದಲೇ ಅವನು ಮಂಡೆಯನ್ನು ನಮ್ಮ ಮನೆಗೆ ತಂದು ಜಗುಲಿಯ ಮೇಲಿಟ್ಟನು. ಕಿವಿ, ರೋಮಗಳಿದ್ದ ಅದನ್ನು ಅವಳು ಕೋಲಿನ ತುದಿಯಿಂದ ಮುಟ್ಟಿದಳು, ಇನ್ನೊಂದು ದಿನ ಬೆರಳಿನಿಂದ. ಬಾಲವನ್ನೂ ತೋರಿಸಿದನು. ಹುಲಿಯಾಗಿ ಕುಣಿಯುವಾಗ ಮಾತನಾಡುವಂತಿಲ್ಲವಾದ್ದರಿಂದ, ತಾನು ಅಂಗಳಕ್ಕೆ ಬಂದಾಗ ಈ ಬಾಲದ ತುದಿಯನ್ನು ಕೈಯಲ್ಲಿ ಹಿಡಿದು ಮೂರು ಸಲ ಅಲ್ಲಾಡಿಸುತ್ತೇನೆ, ಹಾಗೆ ಮಾಡಿದ ಹುಲಿ ನಾನೇ ಎಂದು ತಿಳಿಯಬೇಕು ಎಂದು ಅವಳಿಗೆ ಹೇಳಿಕೊಟ್ಟನು.

ಬಣ್ಣ ಬಳಿಯುವುದು ಹಿಂದಿನ ರಾತ್ರಿ. ದೇವರೆದುರು ಲೋಬಾನದ ಹೊಗೆ ಹಾಕಿ ಪೂಜೆಯಾದ ಮೇಲೆ ಒಬ್ಬೊಬ್ಬರಾಗಿ ಬಣ್ಣಕ್ಕೆ ನಿಲ್ಲುತ್ತಾರೆ. ನಾವು ಮುಂಗತ್ತಲೆಯಲ್ಲೇ ಹೋದೆವು. ಪೇಂಟಿನ ಘಾಟು ತುಂಬಿದ್ದ ಶೆಡ್ಡಿನಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಬಣ್ಣ ಹಚ್ಚಿಸಿಕೊಂಡವರು ತೋಳುಗಳು ಮೈಗೆ ತಾಗದಂತೆ ಎರಡು ಕಡೆ ಕೋಲುಗಳನ್ನು ಹಿಡಿದು, ಕೈ ಚಾಚಿ, ಒಣಗುವವರೆಗೆ ನಿಂತೇ ಇದ್ದರು. ಅಣ್ಣನ ಮೈಗೆ ಕುತ್ತಿಗೆಯವರೆಗೆ ಹಳದಿಯಾಗಿತ್ತು, ಮುಖ ಇನ್ನೂ ಹಾಗೇ ಇತ್ತು. ಅವಳು ನನ್ನ ಹೆಗಲ ಮೇಲಿಂದ ಬಹಳ ಹೊತ್ತು ಅವನ ಮುಖವನ್ನೂ ಹೊಟ್ಟೆಯನ್ನೂ ನೋಡಿ, "ಅಣ್ಣ, ನಿಂಗೆ ನೋವಾಗ್ತದಾ?" ಎಂದು ಕೇಳಿದಳು. "ಇಲ್ಲ ಮಾರಾಯ್ತಿ, ತುರಿಸ್ತದೆ. ಆದ್ರೆ ಕೆರೆಯುವ ಹಾಗಿಲ್ಲ" ಎಂದನು. ಅವಳಿಗೆ ಇದು ತುಂಬಾ ಗಂಭೀರವಾದ ಸುದ್ದಿಯೆನಿಸಿತು. ಮನೆಗೆ ಬಂದು ಅಮ್ಮನಿಗೆ ಹೇಳಿದ ಮೊದಲ ಮಾತೇ ಅಣ್ಣನಿಗೆ ತುರಿಸುತ್ತದೆ, ಕೆರೆಯುವ ಹಾಗಿಲ್ಲ ಎಂಬುದು. ತಾನು ಹೆದರುತ್ತಿದ್ದ ಹುಲಿಯ ಬಗ್ಗೆ ಅವಳಿಗೆ ಮರುಕ ಹುಟ್ಟಿದ್ದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ.

ಅಷ್ಟಮಿಯ ದಿನ ಅವಳನ್ನು ಅಂಗಳದಲ್ಲಿ ನಿಲ್ಲಿಸುವ ಯೋಚನೆ ನಮಗಿರಲಿಲ್ಲ. ಮಹಡಿಯ ಕಿಟಕಿಯ ಬಳಿ ಕುರ್ಚಿ ಹಾಕಿ, ತಟ್ಟೆಯಲ್ಲಿ ಚಕ್ಕುಲಿ, ಉಂಡೆಗಳನ್ನಿಟ್ಟುಕೊಂಡು ಕುಳಿತೆವು. ಕಿಟಕಿಯ ಬಾಗಿಲು ಎಷ್ಟು ತೆರೆದಿರಬೇಕೆಂಬುದು ಅವಳ ಇಷ್ಟ. ತಾಸೆ ಓಣಿಯ ತಿರುವಿನಲ್ಲಿ ಕೇಳಿದಾಗ ಅರ್ಧ ಮುಚ್ಚಿಸಿದಳು, ಗೇಟಿನ ಹತ್ತಿರ ಬಂದಾಗ ಬೆರಳಗಲ ಮಾತ್ರ ಉಳಿಯಿತು. ಹುಲಿಗಳು ಕುಣಿದವು, ಒಂದು ಹುಲಿ ಹಿಂದಕ್ಕೆ ಬಾಗಿ ನೆಲದ ಮೇಲಿಟ್ಟ ನೋಟನ್ನು ಬಾಯಿಂದಲೇ ಎತ್ತಿತು. ಆಮೇಲೆ ಅವುಗಳಲ್ಲೊಂದು ತಲೆಯೆತ್ತಿ ಮಹಡಿಯ ಕಡೆ ನೋಡಿ, ಬಾಲದ ತುದಿಯನ್ನು ಹಿಡಿದು ಅಲ್ಲಾಡಿಸಿತು. ಅವಳು ಚಕ್ಕುಲಿ ಜಗಿಯುವುದನ್ನು ನಿಲ್ಲಿಸಿ ನೋಡಿದಳು, ನಗಲಿಲ್ಲ, ಕೈ ಬೀಸಲಿಲ್ಲ. ಕೆಳಗೆ ಹೋಗೋಣವೇ ಎಂದು ನಾವು ಕೇಳಲೂ ಇಲ್ಲ. ತಂಡ ಹೋದ ಮೇಲೆ, "ಅಣ್ಣ ಎಲ್ಲಿ ಹೋದ?" ಎಂದು ಮಾತ್ರ ಕೇಳಿದಳು. ಹುಲಿ ಎಲ್ಲಿ ಹೋಯಿತು ಎಂದಲ್ಲ. ಮರುದಿನ ವಿಟ್ಲಪಿಂಡಿಗೆ ಮಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ರಥಬೀದಿಯ ಅಂಚಿನವರೆಗೆ ಹೋಗಿದ್ದನು. ಚಿನ್ನದ ರಥ ಕಾಣುವ ಮೊದಲೇ ಅವಳು ಸಾಕೆಂದಳು, ಅವನು ಮರಳಿದನು.

ಆದರೆ ನಿಜವಾದ ತಿರುವು ಬಂದದ್ದು ಹಬ್ಬ ಮುಗಿದ ಮೇಲೆ. ಹುಲಿಯ ಬಣ್ಣ ಒಂದು ಸ್ನಾನಕ್ಕೆ ಹೋಗುವಂಥದ್ದಲ್ಲ. ಸೀಮೆಎಣ್ಣೆ, ತೆಂಗಿನೆಣ್ಣೆ ಎಂದು ಎಷ್ಟು ಉಜ್ಜಿದರೂ ಎಲ್ಲಾದರೂ ಸ್ವಲ್ಪ ಉಳಿಯುತ್ತದೆ. ಅಣ್ಣ ಎಂದಿನಂತೆ ಸೈಕಲ್ ನಿಲ್ಲಿಸಿ ಜಗುಲಿಗೆ ಬಂದು ಕುಳಿತಾಗ ಅವಳು ಅವನ ಹಿಂದಿನಿಂದ ಸುತ್ತುವರಿದು ಬಂದು, ಅವನ ಕಿವಿಯ ಹಿಂದೆ ಉಗುರಿನಷ್ಟು ಹಳದಿ ಉಳಿದಿರುವುದನ್ನು ಕಂಡಳು. ಬೆರಳಿಟ್ಟು ಮುಟ್ಟಿದಳು. ಉಗುರುಗಳ ಸಂದಿನಲ್ಲಿಯೂ ಕಪ್ಪು ಗೆರೆ ಇತ್ತು; ಅದನ್ನೂ ಅವನ ಕೈ ತಿರುಗಿಸಿ ತಿರುಗಿಸಿ ನೋಡಿದಳು. "ಹುಲಿ ಇಲ್ಲಿ ಉಂಟು" ಎಂದು ನನಗೆ ಕರೆದು ತೋರಿಸಿದಳು. ಶೆಡ್ಡಿನಲ್ಲಿ ಕಣ್ಣಾರೆ ಬಣ್ಣ ಬಳಿಯುವುದನ್ನು ನೋಡಿದ್ದರೂ ಪೂರ್ತಿ ನಂಬಿಕೆಯಾಗದಿದ್ದ ಸಂಗತಿ ಆ ಉಗುರಿನಷ್ಟು ಬಣ್ಣದಿಂದ ಖಚಿತವಾಯಿತು. ಬೆಕ್ಕಿನ ಪ್ರಯೋಗವನ್ನು ಓದಿದ್ದ ನನಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ: ವೇಷ ಏರುವುದನ್ನು ತೋರಿಸಿದಷ್ಟೇ ಶ್ರದ್ಧೆಯಿಂದ ಇಳಿಯುವುದನ್ನೂ ಮಗುವಿಗೆ ತೋರಿಸಬೇಕು. ಬಣ್ಣ ಪೂರ್ತಿ ಹೋಗುವವರೆಗೆ ದಿನವೂ ಸಂಜೆ ಅವನ ಕಿವಿಯನ್ನು ಪರೀಕ್ಷಿಸುವುದು ಅವಳ ಕೆಲಸವಾಯಿತು, ಅವನೂ ಬೇಸರಿಸದೆ ತಲೆ ಬಾಗಿಸುತ್ತಿದ್ದನು.

ಆ ನವರಾತ್ರಿಯಲ್ಲಿ ಪುಟ್ಟ ಹುಡುಗರ ಹುಲಿವೇಷದ ತಂಡವೊಂದು ಓಣಿಗೆ ಬಂದಾಗ ಅವಳು ಗೇಟಿನ ಒಳಗಡೆ ನಿಂತು, ಸರಳುಗಳನ್ನು ಹಿಡಿದು ನೋಡಿದಳು. ತನ್ನಷ್ಟೇ ಎತ್ತರದ ಮರಿಹುಲಿಯೊಂದು ನೀರು ಬೇಕೆಂದಾಗ ನಾನು ಲೋಟ ತಂದೆ, ಅವಳು ಅದನ್ನು ಸರಳಿನ ಸಂದಿನಿಂದ ಕೊಟ್ಟಳು. ದೊಡ್ಡ ಹುಲಿಗಳು ಬಂದಾಗ ಈಗಲೂ ಜಗುಲಿಯಿಂದ ಕೆಳಗಿಳಿಯುವುದಿಲ್ಲ, ನನ್ನ ಪಂಚೆಯ ತುದಿಯನ್ನು ಹಿಡಿದಿರುತ್ತಾಳೆ. ಆದರೆ ಹೊರಗೆ ಹೋಗುವಾಗ ಪಿಲಿ ಉಂಟೇ ಎಂದು ಕೇಳುವುದು ನಿಂತಿದೆ, ಹಾಲಿನ ಅಂಗಡಿಗೆ ನೇರ ದಾರಿಯಲ್ಲೇ ಹೋಗುತ್ತೇವೆ, ದೂರದ ತಾಸೆ ಕೇಳಿದರೆ ಡಬ್ಬ ಹುಡುಕುತ್ತಾಳೆ.

ಮಂಗಳೂರಿನ ಮಾಲೊಂದರಲ್ಲಿ ಕಂಡ ಕರಡಿಯ ದಿರಿಸಿನವರ ಹತ್ತಿರ ಅವಳು ಸುತರಾಂ ಹೋಗಲೊಪ್ಪಲಿಲ್ಲ. ಕಣ್ಣು ಮಿಟುಕಿಸದ, ಒಂದೇ ನಗುವಿನ ಆ ಮುಖದಲ್ಲಿ ಪರಿಚಯ ಮಾಡಿಕೊಳ್ಳಲು ಮಗುವಿಗೆ ಏನೂ ಸಿಗುವುದಿಲ್ಲ, ಆದ್ದರಿಂದ ನಾವು ಅದನ್ನು ದೊಡ್ಡದು ಮಾಡದೆ ದೂರದಿಂದಲೇ ಕೈಬೀಸಿ ಬಂದೆವು. ಶಿಶುವಿಹಾರದ ವಾರ್ಷಿಕೋತ್ಸವಕ್ಕೆ ವೇಷಧಾರಿಗಳು ಬರುವ ಸುದ್ದಿ ತಿಳಿದಾಗ ಸೊಸೆ ಅಧ್ಯಾಪಕಿಯರೊಡನೆ ಮಾತನಾಡಿ, ವೇಷ ಹಾಕುವವರು ಮಕ್ಕಳ ಎದುರಿಗೇ ಹಾಕಿಕೊಳ್ಳುವಂತೆ ಏರ್ಪಾಡು ಮಾಡಿಸಿದಳು. ಅದರಿಂದ ಇನ್ನೂ ಕೆಲವು ಮಕ್ಕಳಿಗೆ ಸಹಾಯವಾಯಿತೆಂದು ಕೇಳಿದೆ. ಇನ್ನು ಉಳಿದಿರುವುದು ಯಕ್ಷಗಾನದ ಮಹಿಷಾಸುರ. ದೇವಿ ಮಹಾತ್ಮೆಯ ಆಟದಲ್ಲಿ ಅವನು ದೊಂದಿಗಳ ನಡುವೆ, ರಾಳದ ಬೆಂಕಿ ಭುಗಿಲೇಳುತ್ತಿರುವಾಗ, ಜನರ ಮಧ್ಯದಿಂದಲೇ ಆರ್ಭಟಿಸುತ್ತ ರಂಗಸ್ಥಳಕ್ಕೆ ಬರುತ್ತಾನೆ; ಅದನ್ನು ಕಂಡು ಬೆಳೆದ ಮಕ್ಕಳೂ ತಾಯಿಯ ಸೆರಗಿನಲ್ಲಿ ಅಡಗುವುದುಂಟು. ಆ ಪ್ರವೇಶದ ಹೊತ್ತಿನಲ್ಲಿ ಅವಳನ್ನು ಅಲ್ಲಿ ಕೂರಿಸುವ ಆತುರ ನಮಗಿಲ್ಲ. ಅವಳಾಗಿ ಕೇಳಿದ ವರ್ಷ ಮೊದಲು ಚೌಕಿಗೆ ಹೋಗಿ, ಕೋಣನ ಕೊಂಬು ಕಟ್ಟುವವರೆಗೆ ಕುಳಿತು, ಆಮೇಲೆ ಎಲ್ಲಿಂದ ನೋಡಬೇಕೆಂಬುದನ್ನು ಅವಳನ್ನೇ ಕೇಳುತ್ತೇವೆ.